ಅಬ್ಬಾನ ನಲವತ್ತು ದಿನದ ಹಾಜರಿ

ಅದು ಬಟವಡೆಯ ದಿನ. ಪ್ರತಿ ತಿಂಗಳು ಏಳನೇ ತಾರೀಖಿಗೆ ಯಾರ್ಡಿನ ಕಿಟಕಿಯಲ್ಲಿ ಕೂತು ಕೂಲಿ ಹಂಚುವುದು ನನ್ನ ಕೆಲಸವಾಗಿತ್ತು. ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯಲ್ಲಿ ಒಂದು ಖಾಸಗಿ ಕಟ್ಟಿಗೆ ಯಾರ್ಡ್ ಇದೆ. ಲಾರಿಯಲ್ಲಿ ಬರುವ ನೀಲಗಿರಿ ಬೊಡ್ಡೆಗಳನ್ನು ಇಳಿಸಿ ಒಟ್ಟಲು ಒಬ್ಬ ಗುತ್ತಿಗೆದಾರರು ಹನ್ನೆರಡು ಜನ ಹಮಾಲರ ಗ್ಯಾಂಗ್ ಇಟ್ಟಿದ್ದರು. ನಾನು ಅವರ ಹಾಜರಿ ಬರೆಯುವ ಗುಮಾಸ್ತೆ. ಪಿಯುಸಿ ಮುಗಿಸಿ ಬಂದು ಕೂತ ಕುರ್ಚಿಯಲ್ಲೇ ಆರು ವರ್ಷ ಕಳೆದಿದ್ದೆ. ಆ ಹನ್ನೆರಡು ಜನರಲ್ಲಿ ಒಬ್ಬರು ನನ್ನ ಅಬ್ಬಾ.

ಯಾರ್ಡಿನಲ್ಲಿ ಅಬ್ಬಾ ನನ್ನನ್ನು ಎಂದೂ ಮಗಳೆಂದು ಕರೆದವರಲ್ಲ. ಆಫೀಸಿನ ಹೆಂಗಸರನ್ನು ಕರೆಯುವಂತೆ ಬಾಯಾರ ಎನ್ನುತ್ತಿದ್ದರು. ಉಳಿದವರಿಗೆ ಅದೊಂದು ತಮಾಷೆ. ಅವತ್ತೂ ಸಾಲಿನಲ್ಲಿ ನಿಂತು, ಹೆಬ್ಬೆಟ್ಟು ಒತ್ತಿ, ದುಡ್ಡು ಎಣಿಸಿಕೊಂಡು, ಪಗಾರದ ಚೀಟಿಯನ್ನು ಕಿಟಕಿಯೊಳಗೆ ತೂರಿಸಿದರು.

"ಬಾಯಾರ, ಈ ಕೊನೀದು ಏನ್ರಿ ಇದು? ಪಿ.ಎಫ್. ಆಫೀಸ್ ಖರ್ಚು? ಅವರ ಚಾದ ರೊಕ್ಕಾನೂ ನಾವ ಕೊಡಬೇಕೇನು?"

ಹಿಂದಿದ್ದವರು ನಕ್ಕರು. ಒಬ್ಬರು, "ಚಾದಾಗ ಸಕ್ರಿ ಕಮ್ಮಿ ಹಾಕಂತ ಹೇಳ್ರಿ" ಎಂದರು. ನನ್ನ ಮುಂದೆ ಇನ್ನೂ ಐದು ಜನರ ಬಟವಡೆ ಇತ್ತು. ತಲೆ ಎತ್ತದೆ ಹೇಳಿದೆ: "ಕಾಯ್ದೆ ಐತಿ. ಎಲ್ಲಾರಿಗೂ ಹಿಡೀತಾರ. ಮುಂದ ಸರೀರಿ."

ಅಬ್ಬಾ ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ಹಿಂದಿನವರ ಕಡೆ ತಿರುಗಿದರು. "ಕೇಳಿದ್ರಿಲ್ಲ? ಕಾಯ್ದೆ ಐತಿ. ಓದಿದಾಕಿ ಹೇಳ್ಯಾಳ. ನಡೀರಿ, ನಡೀರಿ."

ಮರುದಿನ ಬೆಳಿಗ್ಗೆ ನಮಾಜಿಗೆ ಎದ್ದು ನಲ್ಲಿಯ ಹತ್ತಿರ ಕೂತವರು ಎದೆ ಹಿಡಿದುಕೊಂಡರು. ಆಟೋದಲ್ಲಿ ನನ್ನ ಭುಜಕ್ಕೆ ಒರಗಿದ್ದರು. ದವಾಖಾನೆಯ ಗೇಟು ಬರುವ ಮೊದಲೇ ಭಾರವಾದರು.

ಮೂರನೆಯ ದಿನ, ಹನ್ನೆರಡು ಜನರಲ್ಲೇ ಒಬ್ಬರಾಗಿ ಗ್ಯಾಂಗ್ ನಡೆಸುವ ಮುಕಾದಮ ಮನೆಗೆ ಬಂದರು. ಧಾರವಾಡದ ಕಡೆಯವರು, ಅಬ್ಬಾನ ಜೊತೆಗೇ ಕೆಲಸ ಹಿಡಿದವರು, ನನಗೆ ಸಣ್ಣವಳಿದ್ದಾಗಿನಿಂದ ಕಾಕಾ. ಹೊಸ್ತಿಲ ಹೊರಗೇ ಕೂತು ಹೇಳಿದರು: "ಮಗಳ, ಹಾಜರಿ ಪುಸ್ತಕದಾಗ ನಿಮ್ಮಪ್ಪನ ಹೆಸರು ಕಡೀಬ್ಯಾಡ. ನಲವತ್ತು ಆಗೂತನಕ ಇರಲಿ. ಅವನ ಪಾಲಿನ ಬೊಡ್ಡಿ ನಾವ ಹೊರತೇವಿ."

ಇದು ಆ ಗ್ಯಾಂಗಿನ ಹಳೆಯ ಪದ್ಧತಿ. ಯಾವ ಜಾತಿಯವರೇ ತೀರಿಕೊಳ್ಳಲಿ, ನಲವತ್ತು ದಿನ ಅವರ ಪಾಲು ಮನೆಗೆ ಮುಟ್ಟಬೇಕು. ಕೂಲಿ ಬರುವುದು ಲಾರಿ ಲೆಕ್ಕದಲ್ಲಿ. ಹಾಜರಿಯ ಪ್ರಕಾರ ಹಂಚಿದಂತೆ ತೋರಿಸುವುದು ಪುಸ್ತಕದಲ್ಲಿ ಮಾತ್ರ. ಹನ್ನೆರಡು ಜನ ಇಳಿಸುವ ಲಾರಿಯನ್ನು ಹನ್ನೊಂದು ಜನ ಇಳಿಸಿದರೆ ಗುತ್ತಿಗೆದಾರರಿಗೆ ನಷ್ಟವಿಲ್ಲ. ಅವರ ಪರವಾಗಿ ಕಾಗದಗಳಿಗೆ ಸಹಿ ಹಾಕುವ ಮ್ಯಾನೇಜರಿಗೆ ಈ ಪದ್ಧತಿ ಗೊತ್ತಿತ್ತು, ಸುಮ್ಮನಿರುತ್ತಿದ್ದರು.

ಅಮ್ಮಿ ಇದ್ದತ್ತಿನಲ್ಲಿ ಕೂತಿದ್ದರು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ನಮ್ಮಲ್ಲಿ ಹೆಂಗಸು ಮನೆ ಬಿಟ್ಟು ಹೋಗುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಸೂಜಿ. ಹತ್ತನೇ ದಿನ ನಾನು ಕೆಲಸಕ್ಕೆ ಹೋಗಿ, ಬಿಟ್ಟುಹೋದ ದಿನಗಳ ಹಾಜರಿಯನ್ನೂ ಬರೆದೆ.

ಬೆಳಿಗ್ಗೆ ಎಂಟಕ್ಕೆ ಹೆಸರು ಕೂಗಿ ಹಾಜರಿ ಹಾಕಬೇಕು. ಅಬ್ಬಾನ ಹೆಸರು ಏಳನೆಯದು. ಆರು ಹೆಸರು ಕೂಗಿ ನಿಲ್ಲುತ್ತಿದ್ದೆ. ಆಮೇಲೆ ಮುಕಾದಮ, "ಹಾಕವಾ, ಮುಂದ ನಡಿ" ಎನ್ನುತ್ತಿದ್ದರು. ಏಳನೆಯ ಸಾಲಿನಲ್ಲಿ "ಹಾ" ಎಂದು ಬರೆಯುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಅಕ್ಷರ ಬರೆಯುವಾಗ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ನಲವತ್ತು ಮುಗಿದ ಮರುದಿನ ಆ ಸಾಲು ಖಾಲಿ ಬಿಟ್ಟಾಗ ನಾನು ಎದ್ದು ಹೋಗಿ ತೂಕದ ಕಟ್ಟೆಯ ಹಿಂದೆ ನಿಂತಿದ್ದೆ.

ಪಿ.ಎಫ್. ಕಚೇರಿಯಿಂದ ಅಮ್ಮಿಗೆ ಬರಬೇಕಾದ ವಿಧವಾ ಪಿಂಚಣಿಗೆ ಅರ್ಜಿ ನಾನೇ ತುಂಬಿದೆ. ಗ್ಯಾಂಗಿನ ಹತ್ತಾರು ಜನರ ಪಿ.ಎಫ್. ಅರ್ಜಿ ತುಂಬಿದ ಕೈ ನನ್ನದು, ಹೆದರಿಕೆ ಇರಲಿಲ್ಲ. ಅಮ್ಮಿ ಹೊರಗೆ ಬರುವಂತಿರಲಿಲ್ಲವಾಗಿ ಮನೆಯ ಬಿಳಿ ಗೋಡೆಗೆ ನಿಲ್ಲಿಸಿ ಮೊಬೈಲಿನಲ್ಲೇ ಫೋಟೋ ತೆಗೆದೆ. ಮರಣ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲ ಜೋಡಿಸಿದೆ. ಮ್ಯಾನೇಜರು ಸಹಿ ಹಾಕಿ ಕಳಿಸಿದರು.

ಮೂರು ವಾರಕ್ಕೆ ಅರ್ಜಿ ತಿರಸ್ಕಾರವಾಗಿ ಬಂತು. ಕಾರಣ ಒಂದೇ ಸಾಲು: ಮರಣದ ದಿನಾಂಕದ ನಂತರದ ಅವಧಿಗೂ ಸದಸ್ಯರ ಖಾತೆಗೆ ವಂತಿಗೆ ಜಮಾ ಆಗಿದೆ.

ಅದನ್ನು ಓದಿದಾಗಲೇ ನನಗೆ ಅರ್ಥವಾದದ್ದು. ಪ್ರತಿ ತಿಂಗಳು ನನ್ನ ಹಾಜರಿ ಪುಸ್ತಕವನ್ನು ನೋಡಿಯೇ ಲೆಕ್ಕಿಗರು ಪಿ.ಎಫ್. ಪಟ್ಟಿ ತುಂಬುತ್ತಿದ್ದರು. ನಾನು ಬರೆದ "ಹಾ" ಯಾರ್ಡಿನಲ್ಲೇ ಉಳಿದಿರಲಿಲ್ಲ. ಸರ್ಕಾರದ ಕಂಪ್ಯೂಟರಿನಲ್ಲಿ ಅಬ್ಬಾ ಸತ್ತ ಮೇಲೂ ದುಡಿದಿದ್ದರು. ಹಿಂದೆ ಗ್ಯಾಂಗಿನಲ್ಲಿ ಯಾರಾದರೂ ತೀರಿಕೊಂಡಾಗ ಎಲ್ಲವೂ ಕಾಗದದಲ್ಲಿತ್ತು, ಯಾರೂ ಹೊಂದಿಸಿ ನೋಡುತ್ತಿರಲಿಲ್ಲ. ಈಗ ಯಂತ್ರ ನೋಡುತ್ತದೆ. ಇದು ನನಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ.

ಭವಿಷ್ಯ ನಿಧಿಯವರು ತಿಂಗಳಿಗೊಮ್ಮೆ ತಾಲೂಕುಗಳಲ್ಲಿ ಶಿಬಿರ ನಡೆಸುತ್ತಾರೆ. ಆ ತಿಂಗಳಿನದು ಜೊಯಿಡಾದಲ್ಲಿತ್ತು. ಬೆಳಗಿನ ಬಸ್ಸು ಹಿಡಿದು, ಗಣೇಶಗುಡಿ ದಾಟಿ, ಹತ್ತೂವರೆಗೆ ಅಲ್ಲಿದ್ದೆ. ಒಂದು ಮೇಜು, ಇಬ್ಬರು ಅಧಿಕಾರಿಗಳು, ನಾಲ್ಕೈದು ಜನ ಅರ್ಜಿದಾರರು. ನನ್ನ ಸರದಿ ಬಂದಾಗ ಹಿರಿಯ ಅಧಿಕಾರಿ ಕಾಗದ ತಿರುವಿ ನೋಡಿದರು.

"ಇದೇನ್ರಿ ಇದು, ತೀರಿಕೊಂಡ ಮ್ಯಾಲೂ ಇವರು ಕೆಲಸಕ್ಕ ಬಂದಾರಲ್ಲ?"

"ಬಂದಿಲ್ರಿ. ಅವರ ಪಾಲು ಗ್ಯಾಂಗಿನವರು ದುಡದ್ರು. ಹಾಜರಿ ನಾನು ಹಾಕಿದೆ."

"ನೀವು ಯಾರು?"

"ಗುಮಾಸ್ತೆ ರೀ." ಆಮೇಲೆ ಹೇಳಿದೆ, "ಮಗಳು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಲವತ್ತು ದಿನದ ಪದ್ಧತಿಯನ್ನು ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. "ತಪ್ಪು ಮಾಡೀರಿ. ಆದ್ರ ತಿದ್ದಾಕ ಬರತೈತಿ. ಆ ಎರಡು ತಿಂಗಳ ಹಾಜರಿ-ಪಗಾರ ಪುಸ್ತಕದ ಪುಟ ಬೇಕು. ತಪ್ಪು ಹಾಜರಿ ಅಂತ ಮಾಲೀಕರು ಸಹಿ ಮಾಡಿದ ತಿದ್ದುಪಡಿ ಪತ್ರ ಬೇಕು. ಇಷ್ಟ ತರ್ರಿ."

ಪುಸ್ತಕ ಹೇಗಿರುತ್ತದೆ ಎಂದು ತೋರಿಸಲು ಅಬ್ಬಾನ ಕೊನೆಯ ಪಗಾರ ಚೀಟಿ ಕೊಟ್ಟೆ. ಅದರ ಮೇಲೆ ಅವರ ಬೆರಳು ಸರಿದು ಕೊನೆಯ ಕಾಲಮಿನಲ್ಲಿ ನಿಂತಿತು.

"ಇದೇನು, ಆಫೀಸ್ ಖರ್ಚು?"

"ನಿಮ್ಮ ಆಫೀಸಿಗೆ ತುಂಬೂದ್ರಿ. ಕಾಯ್ದೆ ಐತಲ್ರಿ."

"ಯಾರ ಹೇಳಿದ್ರು ನಿಮಗ?"

ಅವರು ತಮ್ಮ ಚೀಲದಿಂದ ನಿಯಮದ ಪುಸ್ತಕ ತೆಗೆದು ಪುಟ ತೋರಿಸಿ ನಿಧಾನವಾಗಿ ಹೇಳಿದರು. "ಆಡಳಿತ ಶುಲ್ಕ ಅಂತ ಒಂದು ಐತಿ, ಖರೇನ. ಆದ್ರ ಅದನ್ನ ಮಾಲೀಕರು ತಮ್ಮ ಕಿಸೆದಿಂದ ತುಂಬಬೇಕು. ಕೆಲಸಗಾರನ ಕೂಲಿಯೊಳಗ ಹಿಡಿಯಂಗಿಲ್ಲ. ಅವನ ಪಾಲಿನ ವಂತಿಗೆ ಒಂದು ಬಿಟ್ಟರ ಬ್ಯಾರೆ ಏನೂ ಮುರಕೊಳ್ಳಂಗಿಲ್ಲ. ಸದಸ್ಯನ ಮ್ಯಾಲೆ ಶುಲ್ಕದ ಮಿತಿ ಎಷ್ಟು ಅಂತ ಕೇಳಿದ್ರ, ಸೊನ್ನೆ. ನೀವು ಎಷ್ಟು ಜನರಿಗೆ ಹಿಡದೀರಿ?"

"ಎಲ್ಲಾರಿಗೂ ರೀ."

ಮರಳುವ ಬಸ್ಸು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ನಿಲ್ದಾಣದ ಕಲ್ಲಿನ ಮೇಲೆ ಕೂತಿದ್ದೆ. ಆ ಕಾಲಮನ್ನು ನಾನು ಹುಟ್ಟಿಸಿದ್ದಲ್ಲ. ನಾನು ಸೇರಿದಾಗಲೇ ಪುಸ್ತಕದಲ್ಲಿ ಅಚ್ಚಾಗಿತ್ತು. ಆದರೆ ಆರು ವರ್ಷ, ಪ್ರತಿ ಬಟವಡೆಗೆ, ಕೇಳಿದವರಿಗೆಲ್ಲ ಕಾಯ್ದೆ ಎಂದು ಹೇಳಿದವಳು ನಾನು. ಒಮ್ಮೆಯೂ ಯಾವ ಕಾಯ್ದೆ ಎಂದು ನೋಡಿರಲಿಲ್ಲ. ಗ್ಯಾಂಗಿನವರು ನನ್ನ ಮಾತನ್ನಾದರೂ ಅನುಮಾನಿಸುತ್ತಿದ್ದರೇನೋ. ಅಬ್ಬಾ ತಮ್ಮ ಮಾತನ್ನು ಅದಕ್ಕೆ ಸೇರಿಸಿದರು. ಅವರ ಮೇಲಿನ ನಂಬಿಕೆಗೆ ಹನ್ನೊಂದು ಜನ ಸುಮ್ಮನಾದರು.

ಮರುದಿನ ಮ್ಯಾನೇಜರಿಗೆ ತಿದ್ದುಪಡಿ ಪತ್ರ ಕೇಳಿದೆ. ಶುಲ್ಕದ ಮಾತು ಎತ್ತಲಿಲ್ಲ, ಅಷ್ಟು ಧೈರ್ಯವಿರಲಿಲ್ಲ. ಅಧಿಕಾರಿ ಪುಸ್ತಕದ ಪುಟ ಕೇಳಿದ್ದಾರೆ ಎಂದೆ. ಅವರಿಗೆ ಅಷ್ಟೇ ಸಾಕಾಯಿತು.

"ಆ ಪುಟ ಅಲ್ಲಿಗೆ ಹೋಗಂಗಿಲ್ಲ" ಎಂದರು. ಪೆನ್ನಿನ ಮುಚ್ಚಳ ತಿರುಗಿಸುತ್ತಾ ಮುಂದುವರಿಸಿದರು: "ಹೊಸ ಪುಸ್ತಕ ತರಸ್ತೇನಿ. ಎರಡೂ ತಿಂಗಳ ಪುಟ ನೀನ ಬರಿ. ನಿಮ್ಮಪ್ಪ ತೀರಿದ ದಿನದಿಂದ ಗೈರುಹಾಜರ್ ಅಂತ ಹಾಕು. ಕೊನೀ ಕಾಲಮ್ ಬ್ಯಾಡ. ಎಲ್ಲಾರ ಹೆಬ್ಬಟ್ಟ ಒತ್ತಿಸ್ಕೊಂಡ ಬಾ. ಅವತ್ತ ಸಂಜಿಗೇ ನಾ ಸಹಿ ಮಾಡ್ತೇನಿ. ನಿಮ್ಮವ್ವಗ ಪಿಂಚಣಿ ಬರಲಿ, ನನಗೇನು ಬ್ಯಾನಿ?"

"ಇಲ್ಲಂದ್ರ ಸರ್?"

"ಇಲ್ಲಂದ್ರ ಸತ್ತವನ ಹಾಜರಿ ಹಾಕಿದಾಕಿ ನೀನು. ಅಕ್ಷರ ನಿಂದು. ಅದನ್ನೂ ವಿಚಾರ ಮಾಡು."

ಅವರು ಕೆಟ್ಟವರೆಂದು ಅಂದುಕೊಂಡರೆ ನನಗೆ ಸುಲಭವಾಗುತ್ತಿತ್ತು. ಅಬ್ಬಾ ತೀರಿದ ದಿನ ಕಫನಿಗೆ ದುಡ್ಡು ಕೊಟ್ಟು, ಕಬರಸ್ತಾನದವರೆಗೆ ನಡೆದು ಬಂದವರೂ ಅವರೇ.

ಎರಡು ಪುಟ ಬರೆಯಲು ಒಂದು ದಿನ ಹಿಡಿಯಿತು. ಏಳನೆಯ ಸಾಲಿನಲ್ಲಿ, ತೀರಿಕೊಂಡ ದಿನದಿಂದ, ಒಂದೊಂದೇ ಮನೆಯಲ್ಲಿ "ಗೈ" ಎಂದು ಬರೆದೆ. ವಿಚಿತ್ರವೆಂದರೆ ಅಸಲಿ ಪುಟದಲ್ಲಿ ಅಬ್ಬಾನ ಬಗ್ಗೆ ಸುಳ್ಳಿತ್ತು, ಕೂಲಿ ಮುರಿದದ್ದರ ಬಗ್ಗೆ ನಿಜವಿತ್ತು. ಹೊಸ ಪುಟದಲ್ಲಿ ಅಬ್ಬಾನ ಬಗ್ಗೆ ನಿಜವಿತ್ತು, ಉಳಿದದ್ದು ಸುಳ್ಳು. ಎರಡೂ ನನ್ನದೇ ಅಕ್ಷರ.

ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಪುಟಗಳನ್ನೂ ಶಾಯಿ ಪ್ಯಾಡನ್ನೂ ತೆಗೆದುಕೊಂಡು ಗ್ಯಾಂಗಿನವರು ಕೂತಿದ್ದ ಶೆಡ್ಡಿಗೆ ಹೋದೆ.

"ಬಾಯಾರು ಇಷ್ಟು ಬಿಸಲಾಗ ಬಂದಾರ ಅಂದ್ರ ಪಗಾರ ಹೆಚ್ಚಾಗಿರಬೇಕು" ಎಂದು ಮುಂಡಗೋಡಿನವರೊಬ್ಬರು ಜಾಗ ಮಾಡಿಕೊಟ್ಟರು.

ಹೆಬ್ಬೆಟ್ಟು ಒತ್ತಿಸಿಕೊಂಡು ಸುಮ್ಮನೆ ಎದ್ದು ಬರುವುದು ನನ್ನ ಲೆಕ್ಕವಾಗಿತ್ತು. ಮುಕಾದಮ ಪುಟ ಹಿಡಿದು ನೋಡಿದರು. ಅವರಿಗೆ ಓದಲು ಬರುವುದಿಲ್ಲ, ಆದರೆ ಆ ಪುಸ್ತಕದ ಗೆರೆಗಳು ಗೊತ್ತು. "ಒಂದು ಗೆರಿ ಕಮ್ಮಿ ಐತಲ್ಲ ಮಗಳ?"

ಆಗ ಹೇಳಿಬಿಟ್ಟೆ. ಆಫೀಸ್ ಖರ್ಚು ಎಂಬ ಕಾಯ್ದೆ ನಮಗಿಲ್ಲ, ಅದು ಮಾಲೀಕರು ತುಂಬಬೇಕಾದದ್ದು, ಅಸಲಿ ಪುಟ ಹೋದರೆ ಅದು ಹೊರಗೆ ಬರುತ್ತದೆ, ಈ ಪುಟ ಹೋದರೆ ಮುಚ್ಚಿಹೋಗುತ್ತದೆ, ಅಮ್ಮಿಯ ಪಿಂಚಣಿಗೆ ಮ್ಯಾನೇಜರ ಸಹಿ ಈ ಪುಟಕ್ಕೆ ಮಾತ್ರ ಸಿಗುತ್ತದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಯಾರೂ ರೊಟ್ಟಿ ಮುರಿಯಲಿಲ್ಲ. ಮುಂಡಗೋಡಿನವರು ಕೇಳಿದರು: "ಕಾಯ್ದೆ ಐತಿ ಅಂತ ನಿಮ್ಮಪ್ಪ ಹೇಳಿದ್ನಲ್ಲ?"

"ಅವರಿಗೆ ಹೇಳಿದಾಕಿ ನಾನು."

"ನಿನಗ?"

"ಯಾರೂ ಹೇಳಿಲ್ರಿ. ನಾನ ತಿಳಕೊಂಡಿದ್ದೆ."

ಮುಕಾದಮ ತಂಬಾಕು ಉಗುಳಿ ಬಂದು ಕೂತರು. "ಈಗ ಹೆಬ್ಬಟ್ಟ ಒತ್ತ್ರಿ ಅನ್ನಾಕ ಬಂದೀಯೋ, ಬ್ಯಾಡ್ರಿ ಅನ್ನಾಕ ಬಂದೀಯೋ?"

"ಗೊತ್ತಿಲ್ಲ ಕಾಕಾ."

ಅವರು ಪ್ಯಾಡನ್ನು ಹತ್ತಿರ ಎಳೆದುಕೊಂಡರು. "ನಮ್ಮ ರೊಕ್ಕ ಹ್ವಾದದ್ದು ಹೋತು. ಅವನ ಹೆಂಡ್ತಿ ಸೂಜಿ ಇಲ್ಲದ ಬೀಳಬಾರದು" ಎಂದು ಒತ್ತಿದರು. ಆಮೇಲೆ ಒಬ್ಬೊಬ್ಬರಾಗಿ ಉಳಿದ ಹತ್ತು ಜನ ಒತ್ತಿದರು. ಗ್ಯಾಂಗಿನ ಜೊಯಿಡಾ ಕಡೆಯವರೊಬ್ಬರು ಬೆರಳನ್ನು ಬೊಡ್ಡೆಯ ತೊಗಟೆಗೆ ತಿಕ್ಕುತ್ತಾ, "ಗಟ್ಟಿ ಒತ್ತೇನಿ ಬಾಯಾರ, ನನ್ನದ ಎಲ್ಲಾರಿಗಿಂತ ಚಂದ ಮೂಡೈತಿ ನೋಡ್ರಿ" ಎಂದರು. ಯಾರೋ ನಗಲು ಪ್ರಯತ್ನಿಸಿದರು. ಅವರಲ್ಲಿ ಒಬ್ಬರಾದರೂ ನನಗೆ ಬೈದಿದ್ದರೆ ಚೆನ್ನಾಗಿತ್ತು.

ಏಳನೆಯ ಮನೆ ಖಾಲಿ ಉಳಿಯಿತು. ಆ ತಿಂಗಳ ಮೊದಲ ಏಳು ದಿನ ಅಬ್ಬಾ ನಿಜವಾಗಿ ದುಡಿದಿದ್ದರು, ಆ ಕೂಲಿ ಪಡೆದದ್ದಕ್ಕೆ ಗುರುತು ಬೇಕು. ಅಸಲಿ ಪುಟದಲ್ಲಿ ಅವರ ಪರವಾಗಿ ಮುಕಾದಮ ಒತ್ತಿ ಪಕ್ಕದಲ್ಲಿ ಹಾಗೆಂದು ಬರೆಸಿದ್ದರು. ಹೊಸ ಪುಟದಲ್ಲಿ ಅದು ಬೇಡ, ಪ್ರಶ್ನೆ ಏಳುತ್ತದೆ ಎಂದರು ಮ್ಯಾನೇಜರು. "ತೀರೂ ಹಿಂದಿನ ದಿನಾನ ಇಸಕೊಂಡಂಗ ನಿಂದ ಒತ್ತಿಬಿಡು. ಹೆಬ್ಬಟ್ಟ ಯಾರ ಓದ್ತಾರ? ನಾಳೆ ತಂದುಕೊಡು."

ಪುಟಗಳನ್ನು ಮನೆಗೆ ಒಯ್ದೆ. ಅಮ್ಮಿ ಬಾಗಿಲಲ್ಲೇ ಕೇಳಿದರು, ಸಹಿ ಆಯಿತೇ ಎಂದು. ನಮ್ಮ ಮನೆ ಮಾತು ಉರ್ದು, ಅವರು ಹೇಳಿದ್ದು ಇಷ್ಟು: "ಸೂಜಿ ಮದ್ದು ಇನ್ನು ನಾಲ್ಕು ದಿನಕ್ಕಿದೆ. ನೀನು ಏನು ಮಾಡಬೇಕೋ ಮಾಡು, ನನ್ನನ್ನು ಯಾರ ಮುಂದೆಯೂ ಕೈ ಚಾಚಿಸಬೇಡ."

ಅಡುಗೆ ಮನೆಯಲ್ಲಿ ಪುಟ ಹಾಸಿ ಕೂತೆ. ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿದೆ ಕೂಡ. ಅಬ್ಬಾನ ಗುರುತನ್ನು ನಾನು ಆರು ವರ್ಷ ಪ್ರತಿ ತಿಂಗಳು ನೋಡಿದ್ದೇನೆ. ಬೊಡ್ಡೆ ಜಾರಿ ಬೆರಳು ಸೀಳಿದ್ದರಿಂದ ಅದರ ನಡುವೆ ಒಂದು ಬಿಳಿ ಗೆರೆ ಬೀಳುತ್ತಿತ್ತು. ನನ್ನ ಬೆರಳು ನುಣುಪಾಗಿದೆ. ಯಾರೂ ಓದುವುದಿಲ್ಲ ಎಂಬುದು ನಿಜವೇ. ಆದರೆ ಸುಳ್ಳೆಂದು ತಿಳಿದೂ ಒತ್ತಿದ ಹನ್ನೊಂದು ಜನ ನನಗಾಗಿ ಒತ್ತಿದ್ದರು. ಹನ್ನೆರಡನೆಯದನ್ನು ಒತ್ತಿದರೆ, ಈ ಕೂಲಿಯಲ್ಲಿ ಯಾರೂ ಏನೂ ಮುರಿದಿಲ್ಲ ಎಂದು ಅಬ್ಬಾ ಮತ್ತೊಮ್ಮೆ ಸಾಕ್ಷಿ ಹೇಳಿದಂತಾಗುತ್ತಿತ್ತು. ಮೊದಲ ಸಲ ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಈಗ ನನಗೆ ಗೊತ್ತಿತ್ತು.

ಬೆರಳು ತೊಳೆದುಕೊಂಡೆ. ಶಾಯಿ ಪೂರ್ತಿ ಹೋಗಲಿಲ್ಲ.

ಬೆಳಿಗ್ಗೆ ಯಾರ್ಡಿಗೆ ಬೇಗ ಹೋಗಿ ಅಸಲಿ ಪುಟಗಳನ್ನು ಜೆರಾಕ್ಸ್ ಮಾಡಿಸಿ ಪುಸ್ತಕವನ್ನು ವಾಪಸ್ ಕಪಾಟಿನಲ್ಲಿಟ್ಟೆ. ಹೊಸ ಪುಟಗಳನ್ನು ಮುಕಾದಮರ ಕೈಗೆ ಕೊಟ್ಟೆ, ಗ್ಯಾಂಗಿನವರ ಹೆಬ್ಬೆಟ್ಟುಗಳು ಯಾರ ಕೈಗೂ ಸಿಗಬಾರದೆಂದು. ಅವರು ಅದನ್ನು ಸಣ್ಣಗೆ ಹರಿದರು.

"ನಿಮ್ಮವ್ವಗ ಕೇಳಿದ್ಯಾ?"

"ಇಲ್ಲ ಕಾಕಾ."

"ಕೇಳಬೇಕಿತ್ತು" ಎಂದರು.

ಮ್ಯಾನೇಜರಿಗೆ ಪುಟ ಕೊಡುವುದಿಲ್ಲ ಎಂದೆ. ನಾಳೆಯಿಂದ ಬರಬೇಡ ಎಂದರು. ಧ್ವನಿ ಏರಿಸಲಿಲ್ಲ.

ಮುಂದಿನ ಶಿಬಿರ ಹಳಿಯಾಳದಲ್ಲಿತ್ತು. ಜೊಯಿಡಾದಲ್ಲಿ ಕಂಡ ಅಧಿಕಾರಿಯೇ ಬಂದಿದ್ದರು. ಜೆರಾಕ್ಸ್ ಪ್ರತಿಗಳ ಜೊತೆಗೆ ನನ್ನ ಕೈಯಿಂದಲೇ ಬರೆದ ಒಂದು ಹೇಳಿಕೆ ಕೊಟ್ಟೆ: ಸುಳ್ಳು ಹಾಜರಿ ಬರೆದದ್ದು ನಾನು, ಇಂಥ ದಿನದಿಂದ ಇಂಥ ದಿನದವರೆಗೆ, ಆಡಳಿತ ಶುಲ್ಕವೆಂದು ಕೂಲಿಯಲ್ಲಿ ಮುರಿದದ್ದನ್ನು ಬರೆದದ್ದೂ ನಾನು. ಅವರು ಎರಡು ಸಲ ಓದಿದರು.

"ಇದನ್ನ ಕೊಟ್ಟರ ನಿಮ್ಮ ತಾಯಿ ಕೇಸು ತಡ ಆಗತೈತಿ. ಗೊತ್ತೈತಲ್ಲ? ಮಾಲೀಕರು ಸಹಿ ಮಾಡೂದಿಲ್ಲ ಅಂತಾರ, ನಾವು ನೋಟಿಸ್ ಕೊಡಬೇಕು, ವಿಚಾರಣಾ ಆಗಬೇಕು."

"ಎಷ್ಟು ತಡ ಆಗತೈತ್ರಿ?"

"ಅದನ್ನ ನಾ ಹೇಳಾಕ ಬರಂಗಿಲ್ಲವ್ವಾ."

ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡು ಬಂದೆ. ಮನೆಯಲ್ಲಿ ಹೇಳಿದಾಗ ಅಮ್ಮಿ ಅಳಲಿಲ್ಲ. ಏಳೆಂಟು ದಿನ ನನ್ನ ಜೊತೆ ಮಾತಾಡಲಿಲ್ಲ, ಅಷ್ಟೇ. ಆ ದಿನಗಳಲ್ಲಿ ನಾನು ಅವರಿಗೆ ಸೂಜಿ ಹಾಕುವಾಗ ಅವರು ಗೋಡೆ ನೋಡುತ್ತಿದ್ದರು. ಮದ್ದಿಗಾಗಿ ನನ್ನ ಕಿವಿಯೋಲೆ ಮಾರಿದೆ. ಈಗ ಸೀರೆಗೆ ಫಾಲ್ ಹೊಲಿಯುತ್ತೇನೆ.

ಅಧಿಕಾರಿಗಳು ಯಾರ್ಡಿಗೆ ಬಂದು ಪುಸ್ತಕ ಒಯ್ದರಂತೆ. ನನ್ನನ್ನೂ ಮುಕಾದಮರನ್ನೂ ಕರೆಸಿ ಹೇಳಿಕೆ ಬರೆಸಿಕೊಂಡರು. ಸುಳ್ಳು ಹಾಜರಿಗೆ ನನಗೆ ಎಚ್ಚರಿಕೆಯ ಪತ್ರ ಬಂದಿದೆ. ಅದಾದ ಮೇಲಿನ ಬಟವಡೆಯ ಸಂಜೆ ಮುಕಾದಮ ಮನೆಗೆ ಬಂದರು. "ಈ ಸಲ ಆ ಖರ್ಚು ಹಿಡದಿಲ್ಲ" ಎಂದರು. ಹಿಂದೆ ಹಿಡಿದದ್ದು ಇನ್ನೂ ಮರಳಿಲ್ಲ. ಗ್ಯಾಂಗಿನಲ್ಲಿ ಕೆಲಸ ಯಾರಿಗೂ ಹೋಗಿಲ್ಲ, ಅದೊಂದು ಹೆದರಿಕೆ ನನಗಿತ್ತು. ಇನ್ನು ಮುಂದೆ ಯಾರಾದರೂ ತೀರಿಕೊಂಡರೆ ಹಾಜರಿ ಹಾಕಿಸುವುದಿಲ್ಲ, ಪಾಲನ್ನು ಕೈಯಲ್ಲೇ ಒಯ್ದು ಕೊಡುತ್ತೇವೆ ಎಂದು ತೀರ್ಮಾನಿಸಿದ್ದಾರೆ.

ಅಮ್ಮಿಯ ಇದ್ದತ್ತು ಮುಗಿದು ಬಹಳ ದಿನವಾಯಿತು. ಈಗ ಅವರೇ ನನ್ನ ಜೊತೆ ವಿಚಾರಣೆಗೆ ಬರುತ್ತಾರೆ, ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾರೆ. ಮೂರು ಸಲ ದಿನ ಮುಂದೆ ಹೋಗಿದೆ. ಕಡತದಲ್ಲಿ ಮರಣ ಪ್ರಮಾಣಪತ್ರ ಇದೆ, ಅಸಲಿ ಪುಸ್ತಕ ಇದೆ, ನನ್ನ ಹೇಳಿಕೆ ಇದೆ, ಗ್ಯಾಂಗಿನವರ ಹೇಳಿಕೆ ಇದೆ. ತಿದ್ದುಪಡಿ ಪತ್ರದ ಮೇಲೆ ಗುತ್ತಿಗೆದಾರರ ಸಹಿ ಇಲ್ಲ.